ಸವಳು ಹೊಲದ ಕೆಳಗಿನ ಮೂಲೆ

೮ ಡಿಸೆಂಬರ್ ೨೦೨೪, ಭಾನುವಾರ

ಇವತ್ತೂ ಮೋಟರ್ ಬೇಗ ಆಫ್. ಎರಡು ಡ್ರಮ್ ತುಂಬಿತು, ಮೂರನೆಯದಕ್ಕೆ ಬರೀ ಗಾಳಿ. ಮಹಡಿ ಮೇಲಿಂದಲೇ ಓನರ್ ಭಾಗ್ಯಮ್ಮನವರ ಸಮಜಾಯಿಷಿ — "ಬೋರ್ ನೀರು ಕೆಳೀಕ್ ಹೋಗ್ಬುಟ್ಟೈತೆ ಮುತ್ತಣ್ಣ. ನಾನೇನ್ ಇಳ್ದು ತರ್ಲಾ?" ಭಾನುವಾರದ ನಿದ್ದೆ ಕೆಟ್ಟಿದ್ದಷ್ಟೇ ಲಾಭ.

ನನ್ನವಳು ಮಹಾನಂದಾ ಗಡಿಬಿಡಿಯಲ್ಲಿ ಬೋರ್ ನೀರಿಗೇ ಬೇಳೆ ಇಟ್ಟಳು. ಕುಕ್ಕರ್ ಕೂಗಿ ಕೂಗಿ ಸುಸ್ತಾಯಿತು, ಬೇಳೆ ಬೇಯಲಿಲ್ಲ. ಕ್ಯಾನ್ ನೀರು ಹಾಕಬಾರದಿತ್ತೇ ಎಂದೆ. "ನೀವ ಬಂದು ಹಾಕಬೇಕಿತ್ತು" ಎಂದಳು.

ಅವ್ವ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿದಳು. "ನಮ್ಮ ಬಾವಿ ನೀರೂ ಕಡೀಕ ಹಿಂಗ ಆಗಿತ್ತಲ್ಲೋ. ಬ್ಯಾಳಿ ಬೇಯೂದು ಬಿಡ್ತು, ಚಹಾ ಒಡೀತಿತ್ತು." ಅಲ್ಲಿಂದ ಶುರು. ಬಾವಿ, ಬಾವಿಗೆ ಇಳಿಯುವ ಪಾವಟಿಗೆ, ಪಾವಟಿಗೆ ಮೇಲೆ ಕೂತು ಬಿಚ್ಚಿದ ಬುತ್ತಿ… ಮಧ್ಯಾಹ್ನದವರೆಗೆ ಅವ್ವ ದಾಸರಹಳ್ಳಿಯ ಈ ಬಾಡಿಗೆ ಮನೆಯಲ್ಲಿ ಇರಲಿಲ್ಲ. ನನಗೇನೂ ಬೇಸರವಿಲ್ಲ. ಕೇಳುತ್ತಾ ಕೇಳುತ್ತಾ ನಾನೂ ಊರಿಗೆ ಹೋಗಿ ಬಂದೆ.

ಸಂಜೆ ಈಶಪ್ಪನ ಫೋನು. ಕಾಕಾನ ಮಗ. ನಮ್ಮ ಹೊಲದ ಮೇಲ್ಗಡೆ ಅವನ ಹೊಲ. ಸವಳು ಬಿದ್ದ ಹೊಲಗಳಿಗೆಲ್ಲ ನೆಲದೊಳಗೆ ತೂತಿನ ಪೈಪು ಹಾಕಿ ಉಪ್ಪುನೀರು ಬಸಿದು ಹಳ್ಳಕ್ಕೆ ಬಿಡುವ ಕೆಲಸ ಮಂಜೂರಾಗಿದೆಯಂತೆ. ಆ ಪಟ್ಟಿಯ, ಅಂದರೆ ಆ ಸಾಲು ಹೊಲಗಳ, ಎಲ್ಲ ಮನೆಯವರೂ ಹೂಂ ಅನ್ನಬೇಕು. ಒಬ್ಬರು ಒಲ್ಲೆ ಅಂದರೂ ಯಾರಿಗೂ ಇಲ್ಲ. ನಮ್ಮದು ಎಲ್ಲಕ್ಕಿಂತ ಕೆಳಗಿನ ಹೊಲ, ಎಲ್ಲರ ನೀರೂ ನಮ್ಮಲ್ಲಿಂದಲೇ ಹೋಗಬೇಕು. ಹೊಲ ಅವ್ವನ ಹೆಸರಲ್ಲಿದೆ.

"ಎಳ್ಳಮಾಸಿಗೆ ದೊಡ್ಡವ್ವನ್ನ ಕರಕೊಂಡು ಬಾ ಅಣ್ಣಾ. ಎಂಜಿನಿಯರ್ ಸಾಹೇಬ್ರೂ ಬರ್ತಾರ. ಭೂತಾಯಿಗೆ ಎಡಿ ಕೊಟ್ಟು ಚರಗಾನೂ ಚೆಲ್ಲಿದಂಗಾತು."

ಖುಷಿಯಾಯಿತು. ಸುಳ್ಳು ಯಾಕೆ, ಬಹಳ ಖುಷಿಯಾಯಿತು. ಹೊಲ ಮತ್ತೆ ಹೊಲವಾಗುತ್ತದೆ ಅಂದರೆ… ರಿಟೈರ್ಮೆಂಟಿಗೆ ಇನ್ನೇನು ಬಹಳ ದೂರವಿಲ್ಲ ನನಗೂ.

೧೨ ಡಿಸೆಂಬರ್

ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ರಜೆಯ ಮಾತು ಬಂತು. ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ನನ್ನ ಪಕ್ಕ ಕೂರುವ ಶ್ರೀಕಾಂತ್, ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು, ಕೇಳಿದ — "ಸವಳು ಅಂದ್ರೇನ್ ಗುರು?"

ಮಣ್ಣಿನ ಮೇಲೆ ಉಪ್ಪು ಬರೋದು ಎಂದೆ.

"ಉಪ್ಪು ಫ್ರೀ ಅನ್ನು ಹಾಗಾದ್ರೆ."

ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಮಧ್ಯಾಹ್ನವೆಲ್ಲ ಸಿಟ್ಟು. ಚೆನ್ನಾಗಿದ್ದ ಪೀಸನ್ನೂ ರಿಜೆಕ್ಟ್ ಡಬ್ಬಿಗೆ ಹಾಕಿ, ಮತ್ತೆ ತೆಗೆದೆ. ಅವನ ತಪ್ಪೇನಿದೆ. ಕಂಡಿಲ್ಲ.

ನಾನು ಕಂಡಿದ್ದೇನೆ. ಸಣ್ಣವನಿದ್ದಾಗ ಕೆನಾಲು ಬಂತು. ನೀರು ಬಿಟ್ಟ ದಿನ ಊರಿಗೆ ಊರೇ ದಂಡೆಯ ಮೇಲೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಅಲ್ಲಿಯವರೆಗೆ ಬಿಳಿಜೋಳ, ಕಡಲೆ, ಅಗಸಿ. ಬಾವಿಯ ನೀರು ಎಷ್ಟು ಸಿಹಿ ಎಂದರೆ ಹಾದಿಯಲ್ಲಿ ಹೋಗುವವರು ಬಂಡಿ ನಿಲ್ಲಿಸಿ ಕುಡಿದು ಹೋಗುತ್ತಿದ್ದರು. ಕೆನಾಲು ಬಂದ ಮೇಲೆ ಎಲ್ಲರೂ ಕಬ್ಬು. ನೀರು ಬಿಟ್ಟೇ ಬಿಟ್ಟರು. ಹಗಲೆಲ್ಲ ಬಿಟ್ಟರು. ಬಾವಿಯ ನೀರು ಇಳಿಯುವುದು ಹೋಗಿ ಪಾವಟಿಗೆ ಪಾವಟಿಗೆ ಮೇಲೆ ಬಂತು. ನಮಗೆಲ್ಲ ಸಂಭ್ರಮ. ಹುಡುಗರು ಬಗ್ಗಿ ಕೈ ಅದ್ದುತ್ತಿದ್ದೆವು. ಅದು ಕೇಡು ಮೇಲೆ ಬರುತ್ತಿರುವುದು ಎಂದು ಯಾರಿಗೂ ತಿಳಿಯಲಿಲ್ಲ.

ಕೆಳಗಿನ ಮೂಲೆಯಲ್ಲಿ ಮೊದಲು ಬೆಳ್ಳಗೆ ಕಂಡಿತು. ಅಪ್ಪ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ಉಗುಳಿದ. ಉಪ್ಪಲ್ಲವೇ, ನೀರು ಹಾಯಿಸಿದರೆ ತೊಳೆದು ಹೋಗುತ್ತದೆ ಅಂತ ಮತ್ತಷ್ಟು ನೀರು ಕಟ್ಟಿದ. ಊರಲ್ಲಿ ಎಲ್ಲರೂ ಹಾಗೇ ಮಾಡಿದರು. ಎರಡು ದಿನ ಕಪ್ಪಗೆ ಕಾಣುತ್ತಿತ್ತು. ಒಣಗಿದ ಮೇಲೆ ಮೊದಲಿಗಿಂತ ಬೆಳ್ಳಗೆ.

ಕಬ್ಬು ಮೊಣಕಾಲಿಗೆ ನಿಂತ ವರ್ಷ ನಾನು ಪೀಣ್ಯದ ಬಸ್ಸು ಹತ್ತಿದೆ.

೧೫ ಡಿಸೆಂಬರ್, ಭಾನುವಾರ

ಅವ್ವ ಈಗಲೇ ಚೀಲ ತುಂಬಲು ಶುರು ಮಾಡಿದ್ದಾಳೆ. ಹೋಗುವುದು ಇನ್ನೂ ಎರಡು ವಾರ. ಚೀಲದ ತಳದಲ್ಲಿ ವಿಭೂತಿ, ಹೊಸ ಬಿಳಿ ಬಟ್ಟೆ. ಅಪ್ಪನ ಗೋರಿಗೆ.

ಅಪ್ಪ ಇರುವುದು ಹೊಲದಲ್ಲೇ, ಅದೇ ಕೆಳಗಿನ ಮೂಲೆಯಲ್ಲಿ. ಹೋಗುವ ಮುಂಚೆ ತಾನೇ ಹೇಳಿದ್ದ — "ಬೆಳಿಯೂ ಜಾಗ ನನಗ್ಯಾಕ. ಕೆಟ್ಟ ಮೂಲ್ಯಾಗ ಇಡ್ರಿ." ಜಿಪುಣ. ಸಾಯುವಾಗಲೂ ಲೆಕ್ಕ ಹಾಕಿದ. ಮಣ್ಣು ಕೊಟ್ಟ ಮೂರನೇ ದಿನ ಅವ್ವ ಒಂದು ಕಲ್ಲು ಹೊತ್ತು ತಂದು ಪಕ್ಕದಲ್ಲಿ ಹುಗಿದಳು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. "ಇದು ನಂದು" ಎಂದಳು ನನಗೆ ಮಾತ್ರ. ಆಮೇಲೆ ನನ್ನ ಜೊತೆ ಇಲ್ಲಿಗೆ ಬಂದಳು. ಊರಿಗೆ ಹೋದಾಗಲೆಲ್ಲ ಮೊದಲು ಆ ಕಲ್ಲಿನ ಸುತ್ತ ಕಸ ಕೀಳುತ್ತಾಳೆ. ಕಸವೂ ಬೆಳೆಯದ ಮಣ್ಣು ಅದು. ಕೈಯಾಡಿಸುತ್ತಾಳೆ ಅಷ್ಟೇ.

೩೧ ಡಿಸೆಂಬರ್, ಮಂಗಳವಾರ. ಬಸ್ಸಿನಲ್ಲಿ, ಬೆಳಕು ಹರಿದಿದೆ, ತುಮಕೂರು ದಾಟಿತು

ಅವ್ವ ಕಿಟಕಿಗೆ ತಲೆ ಆನಿಸಿ ಮಲಗಿದ್ದಾಳೆ. ನಿದ್ದೆ ಅಲ್ಲ, ನನಗೆ ಗೊತ್ತು. ಅಕ್ಷರ ಕುಣಿಯುತ್ತಿವೆ, ಆದರೂ ಬರೆಯುತ್ತೇನೆ.

ನಿನ್ನೆ ಎಳ್ಳ ಅಮಾವಾಸ್ಯೆ, ಚರಗ ಚೆಲ್ಲಿದೆವು. ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ. ಒಳ್ಳೆಯ ಹೊಲದವರು ಜೋಳದ ನಡುವೆ ನಡೆದು ಭೂತಾಯಿಗೆ ಉಣಿಸುತ್ತಿದ್ದರು. ನಮ್ಮದು ಬಟಾಬಯಲು, ಸುಣ್ಣ ಚೆಲ್ಲಿದ ಅಂಗಳ. ಬೆಳೆಯೇ ಇಲ್ಲದ ಹೊಲಕ್ಕೆ ಚರಗ ಯಾಕೆ ಎಂದು ಈಶಪ್ಪನ ಹೆಂಡತಿ ಕೇಳಿದಳು. ಅವ್ವ ಬುಟ್ಟಿ ಇಳಿಸಲಿಲ್ಲ. "ಬೆಳಿ ಕೊಟ್ಟಾಗ ಅಷ್ಟ ಉಣಸೂದೇನ? ಆಕಿ ಕೊಟ್ಟದ್ದು ಉಂಡೀವಿಲ್ಲ ಮೊದಲ." ನಾಲ್ಕೂ ಬದುವಿಗೆ ಎಸೆದು ಬಂದಳು. ನಾನು ಹಿಂದೆ ನೀರು ಚಿಮುಕಿಸುತ್ತಾ ಹೋದೆ. ಸಣ್ಣವನಿದ್ದಾಗ ಇದೇ ಸಾಲಿನಲ್ಲಿ ಜೋಳ ನನ್ನ ತಲೆಗಿಂತ ಎತ್ತರ ಇರುತ್ತಿತ್ತು, ಅಪ್ಪನ ಕೂಗು ಮಾತ್ರ ಕೇಳುತ್ತಿತ್ತು, ಅಪ್ಪ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಎಂಜಿನಿಯರ್ ಬಂದರು. ಊರ್ಮಿಳಾ ಮೇಡಂ. ಒಳ್ಳೆಯವರು, ನಮ್ಮ ಜೊತೆಗೇ ಕೂತು ಉಂಡರು. ಪೈಪಿನ ದಾರಿ ಗುರುತಿಸಲು ಸುಣ್ಣದ ಗೆರೆ ಎಳೆಯಲು ಹೋದರೆ ಬಿಳಿ ಮಣ್ಣಿನ ಮೇಲೆ ಬಿಳಿ ಗೆರೆ ಕಾಣಬೇಕಲ್ಲ. ಕೊನೆಗೆ ಇಟ್ಟಿಗೆ ಪುಡಿ ತರಿಸಿದರು. ಕೆಂಪು ಗೆರೆ ಮೇಲಿನ ಹೊಲಗಳಿಂದ ಇಳಿದು ಇಳಿದು ಕೆಳಗಿನ ಮೂಲೆಗೆ ಬಂತು. ಅಲ್ಲಿಂದ ಮುಂದೆ ಪೈಪು ಅಲ್ಲ, ತೆರೆದ ಬಸಿಗಾಲುವೆ. ಗೆರೆ ನೇರ ಅಪ್ಪನ ಗೋರಿಗೆ.

ಕೆಟ್ಟ ಮೂಲೆ ಅಂತ ಅಪ್ಪ ಹುಡುಕಿಕೊಂಡದ್ದೇ ಅದನ್ನು. ನೀರಿಗೂ ಅದೇ ಬೇಕು.

ಮೇಡಂ ಕೂಡಲೇ ಹೇಳಿದರು — "ಸಮಾಧಿ ಮುಟ್ಟೋದು ಬೇಡ. ಈ ಕಡೆ ಬಂಡೆ ಇದೆ, ಆಗಲ್ಲ. ಆ ಕಡೆ ಸ್ವಲ್ಪ ಸರಿಸಿದ್ರೆ ಆಯ್ತು." ತಾವೇ ಪುಡಿ ಹಿಡಿದು ಗೆರೆ ಸರಿಸಿದರು. ಹೊಸ ಗೆರೆ ಅವ್ವನ ಕಲ್ಲಿನ ಮೇಲೆ ಹಾಯಿತು. ಅದು ಏನೆಂದು ಅವರಿಗೆ ಗೊತ್ತಿಲ್ಲ. ಈಶಪ್ಪನಿಗೂ ಗೊತ್ತಿಲ್ಲ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೇಳಿ ಕಳಸ್ತೀವ್ರಿ" ಎಂದಳು.

ದಾಬಸ್‌ಪೇಟೆ ಬಂತು. ಈಗಲಾದರೂ ಅವ್ವ ಏನಾದರೂ ಹೇಳಬಾರದೇ.

೩ ಜನವರಿ ೨೦೨೫

ಈಶಪ್ಪ ಫೋನು ಮಾಡಿ ಕೇಳಿದ, ದೊಡ್ಡವ್ವ ಏನಂದಳು ಅಂತ.

"ಬ್ಯಾಡ ಅಂದಾಳ" ಎಂದೆ.

ಅವ್ವ ಅಂದಿಲ್ಲ. ನಾನು ಕೇಳಿಲ್ಲ. ಕೇಳಿದರೆ ಹೂಂ ಅಂದುಬಿಡುತ್ತಾಳೆ ಎಂಬ ಭಯ. ಅರವತ್ತು ವರ್ಷ ಜೊತೆಗಿದ್ದವರನ್ನು ಎರಡು ಕಡೆ ಮಾಡಲು ನಾನ್ಯಾರು? ಬೇರೆ ಯಾರ ಹೊಲದಲ್ಲಾದರೂ ಕಾಲುವೆ ತೋಡಲಿ.

ಬೇರೆ ಕಡೆ ಇಳಿಜಾರು ಇಲ್ಲ. ಅದೂ ಗೊತ್ತು.

೧೪ ಜನವರಿ, ಸಂಕ್ರಾಂತಿ

ಬೆಳಿಗ್ಗೆ ಭಾಗ್ಯಮ್ಮನವರು ಎಳ್ಳು ಬೆಲ್ಲ ಕೊಟ್ಟು, ಇನ್ನೊಂದು ಎಡೆ ಬಾಳೆಲೆಯಲ್ಲಿ ಮುಚ್ಚಿಕೊಂಡು ಹೊರಟರು. ಎಲ್ಲಿಗೆ ಎಂದು ಅವ್ವ ಕೇಳಿದಳು.

"ನಮ್ಮತ್ತೆ ಮಾವಂಗೆ ಅಜ್ಜಿ. ಮೂಲೆ ಮೇಲೆ ಬೇಕ್ರಿ ಐತಲ್ಲ, ಅಲ್ಲೇ ಅವ್ರು ಇರೋದು. ಆಗ ನಮ್ ರಾಗಿ ಹೊಲ ಅದು. ಮಾರ್ದಾಗ ಸಮಾಧಿ ಗುಡ್ಡೆ ಬಿಟ್ಕೊಡಿ ಅಂದ್ವಿ, ಯಾರ್ ಕೇಳ್ತಾರೆ. ಶಟ್ರು ತೆಗ್ಯೋಕ್ ಮುಂಚೆ ಇಕ್ಬುಟ್ ಬತ್ತೀನಿ. ಇಲ್ದಿದ್ರೆ ಆ ಕೇರಳದೋನು ಒಂಥರಾ ನೋಡ್ತಾನೆ."

ಅವ್ವ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಟೇಬಿಟ್ಟಳು. ಇಬ್ಬರೂ ವಾಪಸ್ ಬಂದದ್ದು ಬಹಳ ಹೊತ್ತಾದ ಮೇಲೆ, ಕೈಯಲ್ಲಿ ಎರಡು ಬನ್ನು. ಕೇರಳದವನೇ ಕೊಟ್ಟನಂತೆ.

"ಮ್ಯಾಲ ಬೇಕ್ರಿ ಬಂದ್ರೂ ಅವರು ಅಲ್ಲೇ ಅದಾರಂತ ಆಕಿಗೆ" ಎಂದಳು ಅವ್ವ. ನಾನು ಶಿಫ್ಟಿಗೆ ತಡವಾಯಿತೆಂದು ಹೊರಟೆ. ಹಬ್ಬಕ್ಕೆ ರಜೆ ಇತ್ತು. ಮೆಟ್ರೋ ಸ್ಟೇಷನ್ ಕೆಳಗೆ ಟೀ ಕುಡಿದು ಸುಮ್ಮನೆ ಸುತ್ತಾಡಿ ಬಂದೆ.

೯ ಫೆಬ್ರುವರಿ, ಭಾನುವಾರ

ಈಶಪ್ಪ ಫೋನು ಮಾಡುವುದು ಬಿಟ್ಟಿದ್ದಾನೆ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಕೂಡ ಇಲ್ಲ. ಅದು ಬಂದಾಗ ಬೈಯುತ್ತಿದ್ದೆ, ಈಗ ಬೆಳಿಗ್ಗೆ ಎದ್ದು ನೋಡುತ್ತೇನೆ.

ಮಹಾನಂದಾಗೆ ಎಲ್ಲ ಹೇಳಿದೆ. "ಅತ್ತಿ ಜಾಗ, ಅತ್ತಿ ಮಾತು. ನಡುವ ನಿಮ್ದೇನು?" ಎಂದಳು. ಇವತ್ತು ಬೇಳೆಗೆ ಉಪ್ಪೇ ಹಾಕಿರಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ. ಹಾಗೆಯೇ ಉಂಡೆ.

೧೬ ಮಾರ್ಚ್, ಭಾನುವಾರ, ಸಂಜೆ

ಈಶಪ್ಪ ಬಂದಿದ್ದ. ಹೇಳದೆ ಕೇಳದೆ. ನೀರಿನ ಕ್ಯಾನ್ ತರಲು ಹೋಗಿದ್ದೆ, ಬಂದು ನೋಡಿದರೆ ಅವ್ವನ ಮಂಚದ ತುದಿಯಲ್ಲಿ ಕೂತಿದ್ದಾನೆ. ಕಾಲ ಬಳಿ ಜೋಳದ ಚೀಲ. ಅವನ ಹೊಲದ್ದಲ್ಲ, ಅವನದೂ ಬೆಳೆಯುವುದಿಲ್ಲ ಈಗ. ಕೊಂಡು ತಂದಿದ್ದ. ನಾಚಿಕೆಯಾಯಿತು.

ಅವನು ಅವ್ವನ ಮುಖ ನೋಡದೆ ಕೇಳಿದ. "ಕೆನಾಲ್ ಬಂದ್ ಆಗೂ ಹೊತ್ತಾತು ದೊಡ್ಡವ್ವ. ಈಗ ತೋಡಿದ್ರ ತೋಡಬೇಕು. ಈ ವರ್ಷ ಬಿಟ್ರ ಮೇಡಂ ಬ್ಯಾರೆ ಊರಿಗೆ ಹೋಗ್ತಾರ. ಹತ್ತು ಮನಿ ಅವರು ನನ್ನ ಮಾರಿ ನೋಡ್ತಾರ. ನೀ ಯಾಕ ಬ್ಯಾಡ ಅಂದಿ, ಅದನ್ನಷ್ಟ ಹೇಳು. ನಾ ಸಿಟ್ಟಾಗೂದಿಲ್ಲ."

ಅವ್ವ ನನ್ನ ಕಡೆ ನೋಡಿದಳು. ಬಾಗಿಲಲ್ಲಿ ಕ್ಯಾನ್ ಹೊತ್ತು ನಿಂತಿದ್ದೆ. ಇಳಿಸಬೇಕು ಅಂತಲೂ ತೋಚಲಿಲ್ಲ.

"ನಾ ಯಾವಾಗ ಅಂದೆ?"

ಮಹಾನಂದಾ ಒಳಗೆ ಒಲೆ ಸಣ್ಣ ಮಾಡಿದ್ದು ಕೇಳಿಸಿತು.

ಆಮೇಲೆ ಈಶಪ್ಪನಿಗೆ ಎಲ್ಲವನ್ನೂ ನಾನೇ ಹೇಳಿದೆ. ಕಲ್ಲು, ಜಾಗ, ಎಲ್ಲ. ಅವನ ಮುಖ ಸಣ್ಣದಾಯಿತು. "ನನಗ ಗೊತ್ತಿದ್ರ ಆ ಗೆರಿ ಹಾಕಾಕ ಬಿಡತಿದ್ನೇನ ಅಣ್ಣಾ… ದೊಡ್ಡವ್ವ, ನಿನಗ ನನ್ನ ಹೊಲದಾಗ ಮ್ಯಾಲಿನ ಬದುವಿನ್ಯಾಗ ಜಾಗ ಕೊಡ್ತೀನಿ. ಎಲ್ಲಿ ಬೇಕಲ್ಲಿ ತೋರಸು."

"ಅದು ನಾಳೆ ಚಲೋ ಆಗೂ ಮಣ್ಣು. ನನಗ್ಯಾಕ ಅದು" ಎಂದಳು ಅವ್ವ. ಅದೇ ಅಪ್ಪನ ಮಾತು, ಅದೇ ಜಿಪುಣತನ. ಅಳು ಬಂತು, ತಡೆಯಲಿಲ್ಲ ನಾನು.

"ಅಳತೀ ಯಾಕೋ. ಒಂದ ಆಳಿನ ಜಾಗಕ್ಕ ಇಷ್ಟು ಮಂದಿ ಹೊಲ ಕಾಯಿಸೂದೇನು? ನಿಮ್ಮಪ್ಪ ಇದ್ದಿದ್ರ ನನ್ನ ಬೈತಿದ್ದ. ತೋಡ್ರಿ. ಆ ಕಲ್ಲು ಮಾತ್ರ ಎಸೀಬ್ಯಾಡ ಈಶಾ, ನಿಮ್ಮ ದೊಡ್ಡಪ್ಪನ ತಲಿ ಕಡೆ ಇಡು."

ಈಶಪ್ಪ ಅವ್ವನ ಕಾಲು ಹಿಡಿದು ಎಷ್ಟೋ ಹೊತ್ತು ಏಳಲಿಲ್ಲ. ರಾತ್ರಿ ಬಸ್ಸಿಗೆ ಹೋಗುತ್ತೇನೆ ಎಂದ. ಊಟ ಮಾಡಿಸಿ ಕಳಿಸಿದೆವು. ಹೋಗುವಾಗ ನನ್ನ ಭುಜ ತಟ್ಟಿದ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

೨೭ ಏಪ್ರಿಲ್

ವಿಡಿಯೋ ಕಾಲ್. ಜೆಸಿಬಿ ಕಾಣಿಸಿತು. ಮೇಲಿನ ಹೊಲದಲ್ಲಿ ಪೈಪು ಮಲಗಿಸಿದ್ದಾರೆ. ನಮ್ಮ ಹೊಲದಲ್ಲಿ ತೋಡುವಾಗ ಅವ್ವನಿಗೆ ತೋರಿಸಬೇಡ ಎಂದು ಈಶಪ್ಪನಿಗೆ ಹೇಳಿದ್ದೆ. ಅವಳೇ ಫೋನು ಕಸಿದುಕೊಂಡಳು. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಮ್ಯಾಲಷ್ಟ ಬೆಳ್ಳಗ ಐತಿ. ಒಳಗ ನೋಡು, ಎಷ್ಟು ಕರಿ ಮಣ್ಣು. ನಮ್ಮ ಹಳೆ ಮಣ್ಣ ಅದು."

ನನಗೆ ಅಗೆದ ಗುಂಡಿ ಮಾತ್ರ ಕಂಡಿತ್ತು. ಅವಳು ಹೇಳಿದ ಮೇಲೆ ಮತ್ತೆ ನೋಡಿದೆ. ಹೌದು. ಗುದ್ದಲಿಗೆ ಅಂಟುವ ಅದೇ ಎರೆ ಮಣ್ಣು. ಸಣ್ಣವನಿದ್ದಾಗ ಇದರಲ್ಲೇ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಿದ್ದೆ. ನನ್ನ ಎತ್ತಿಗೆ ಯಾವಾಗಲೂ ಒಂದು ಕೋಡು ದೊಡ್ಡದು, ಅಪ್ಪ ಪ್ರತಿ ವರ್ಷ ಅದಕ್ಕೇ ನಗುತ್ತಿದ್ದ.

೨೨ ಜೂನ್, ಭಾನುವಾರ, ಸಂಜೆ

ಊರ ಕಡೆ ಚೆನ್ನಾಗಿ ಮಳೆಯಾಗಿದೆಯಂತೆ. ಬಸಿಗಾಲುವೆಯಲ್ಲಿ ನೀರು. ಈಶಪ್ಪ ಫೋನು ಹಿಡಿದು ದಂಡೆಯ ಮೇಲೆ ನಡೆದು ತೋರಿಸಿದ. ಅಪ್ಪನ ಗೋರಿ ಒಣಗಿದೆ, ತಲೆಯ ಕಡೆ ಕಲ್ಲು. ಪಕ್ಕದಲ್ಲೇ ನೀರು ಸದ್ದಿಲ್ಲದೆ ಹಳ್ಳದ ಕಡೆ ಹೊರಟಿದೆ. ಈಶಪ್ಪನ ಎಮ್ಮೆ ಮೂತಿ ಇಟ್ಟು ಸೀನಿ ಹಿಂದಕ್ಕೆ ಸರಿಯಿತು. ಉಪ್ಪು ಹೋಗುತ್ತಿದೆ ಅಂತ ಅರ್ಥ ಎಂದು ನಕ್ಕ. ಇನ್ನು ಮೂರು ನಾಲ್ಕು ವರ್ಷ ತಾಳಬೇಕಂತೆ. ಮೊದಲು ಜೋಳ ಹಾಕಿ ನೋಡುತ್ತಾರೆ. ಕಬ್ಬು ಬೇಡ ಎಂದು ಪಟ್ಟಿಯವರೆಲ್ಲ ಮಾತಾಡಿಕೊಂಡಿದ್ದಾರೆ. ಎಷ್ಟು ದಿನ ಆ ಮಾತು ನಿಲ್ಲುತ್ತದೋ, ನಮ್ಮ ಮಂದಿ ನನಗೆ ಗೊತ್ತು.

"ಹರೀಲಿ" ಎಂದಳು ಅವ್ವ. ಫೋನು ನನಗೆ ಕೊಟ್ಟಳು. ಬಾಗಿಲ ಹತ್ತಿರ ಹೋಗಿ ಕೂತಳು. ಹಗುರಾಗಿದ್ದಳು, ಎಷ್ಟೋ ವರ್ಷದಿಂದ ಅವಳನ್ನು ಹಾಗೆ ನೋಡಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕರೆದಳು.

"ಮುತ್ತಾ, ನನ್ನ ಎಲ್ಲಿ ಇಡ್ತಿ?"

ಈಗ್ಯಾಕೆ ಆ ಮಾತು ಎಂದೆ.

"ಈಗಲ್ಲದ ಯಾವಾಗ. ಜಾಗ ಹೋತಲ್ಲ, ಇನ್ನೊಂದು ನೋಡಬೇಕಲ್ಲ. ಇಲ್ಲೂ ನಮ್ಮವರ ರುದ್ರಭೂಮಿ ಐತಂತ. ಭಾಗ್ಯಮ್ಮಾರು ತೋರಸ್ತೀನಿ ಅಂದಾರ."

"ಊರಾಗ ಇಡ್ತೀನಿ ಅವ್ವ. ಬದುವಿನ್ಯಾಗ. ಈಶಪ್ಪ ಹೇಳ್ಯಾನಲ್ಲ."

"ಅಲ್ಲಿ ಯಾರ ಬರ್ತಾರ? ನಿಮ್ಮಪ್ಪಗ ನಾ ಹೋಗ್ತಿದ್ದೆ. ನನಗ ನೀ ಬರಬೇಕಲ್ಲ. ನೀ ಎಲ್ಲಿ ಇರ್ತಿ, ಅಲ್ಲೇ ಇಡು ನನ್ನ. ಊರಿಗೆ ಹೊಕ್ಕೀಯೋ, ಇಲ್ಲೇ ಇರ್ತೀಯೋ? ಅದನ್ನಷ್ಟ ಹೇಳು."

ಟೀ ಆರುತ್ತದೆ ಎಂದು ಒಳಗೆ ಬಂದೆ. ಟೀ ಇಟ್ಟೇ ಇರಲಿಲ್ಲ. ಮಹಾನಂದಾ ನನ್ನನ್ನೇ ನೋಡುತ್ತಿದ್ದಾಳೆ, ಅವಳೂ ಕೇಳುತ್ತಿರುವ ಹಾಗೆ.

ಇಪ್ಪತ್ತೆಂಟು ವರ್ಷ ಬಾಡಿಗೆ ಮನೆ. ಯಾರು ಎಲ್ಲಿಯವರು ಎಂದರೂ ಜಮಖಂಡಿ ಕಡೆ ಅನ್ನುತ್ತೇನೆ. ಹೊಲ ಒಂದು ಸರಿಯಾಗಲಿ, ಹೋಗಿಬಿಡುತ್ತೇನೆ ಎಂದುಕೊಂಡೇ ಇಲ್ಲಿ ಒಂದು ಕಪಾಟು ಕೂಡ ಗೋಡೆಗೆ ಹೊಡೆಸಲಿಲ್ಲ. ಹೊಲ ಕೆಟ್ಟಿದ್ದಷ್ಟು ದಿನ ಆ ಮಾತು ಸಲೀಸಾಗಿತ್ತು. ಈಗ ಉಪ್ಪು ಹರಿದು ಹೋಗುತ್ತಿದೆ. ಗುದ್ದಲಿ ಹಿಡಿದು ಎಷ್ಟು ಕಾಲವಾಯಿತು… ನೇಗಿಲು ಯಾರಾದರೂ ಕೊಟ್ಟರೆ ಸಾಲು ನೆಟ್ಟಗೆ ಬರುತ್ತದೆಯೇ ನನಗೆ?

ಅವ್ವ ಇನ್ನೂ ಬಾಗಿಲಲ್ಲೇ ಕೂತಿದ್ದಾಳೆ. ದೀಪ ಹಾಕುವ ಹೊತ್ತಾದರೂ ಎದ್ದಿಲ್ಲ. ತನ್ನ ಜಾಗ ಬಿಟ್ಟುಕೊಡಲು ಅವಳಿಗೆ ಒಂದು ಮಾತು ಸಾಕಾಯಿತು. ನನ್ನ ಜಾಗ ಯಾವುದು ಎಂದು ಹೇಳಲು ನನಗೆ ಬರುತ್ತಿಲ್ಲ. ಸುಳ್ಳು ಹೇಳಿದರೆ ಅವಳು ಅದನ್ನೇ ನಂಬಿ ಅಲ್ಲೇ ಮಲಗುತ್ತಾಳೆ. ಇನ್ನೊಂದು ಸಲ ಹಾಗೆ ಮಾಡಲಾರೆ. ಹೋಗಿ ಹೇಳಬೇಕು. ಅವ್ವಾ, ನಾನು ಇರುವುದು ಇಲ್ಲೇ.